ಬೈಕ್ ಇನ್ಶೂರೆನ್ಸ್: ಈ ಸಲ ನಾನು ತಗೊಂಡಿದ್ದು

ಶಿವಮೊಗ್ಗದ ನಮ್ಮ ಬ್ರೋಕರ್ ಮೂರು ಕಂಪನಿಗಳ ಕೊಟೇಶನ್ ಮುಂದಿಟ್ಟರು. ಕಣ್ಣು ಮೊದಲು ಹೋಗುವುದು ಪ್ರೀಮಿಯಂ ಕಡೆಗೇ ಅಲ್ವಾ? ಅವರು ಬೆರಳಿಟ್ಟಿದ್ದು ಐಡಿವಿ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟುವ ಬೆಲೆಯ ಮೇಲೆ. "ಇದನ್ನ ಇಳಿಸಿದ್ರೆ ಪ್ರೀಮಿಯಂ ಕಮ್ಮಿ ಆಗುತ್ತೆ ಸರ್. ಆದ್ರೆ ಗಾಡಿ ಕಳುವಾದ್ರೆ ಸಿಗೋದೂ ಕಮ್ಮಿ."

ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರುವ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಕಡ್ಡಾಯ. ಆಯ್ಕೆ ಇರುವುದು ನಮ್ಮದೇ ಗಾಡಿಯ ಹಾನಿಗೆ ಇರುವ ಓನ್ ಡ್ಯಾಮೇಜ್‌ನಲ್ಲಿ. ನಾನು ಝೀರೋ ಡೆಪ್ರಿಸಿಯೇಶನ್ (ಭಾಗಗಳು ಹಳೆಯದಾದವು ಅಂತ ಕ್ಲೇಮಿನಲ್ಲಿ ಹಣ ಕಡಿತ ಮಾಡದ ಸೌಲಭ್ಯ) ಸೇರಿಸಿದೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕ್ಲೇಮಿನಲ್ಲಿ 50% ಕಡಿತ. ಈಗಿನ ಬೈಕುಗಳಲ್ಲಿ ಪ್ಲಾಸ್ಟಿಕ್ಕೇ ಜಾಸ್ತಿ. ಮಳೆಗಾಲದಲ್ಲೂ ಆಗುಂಬೆ ಘಾಟಿ ಇಳಿಯುವ ನನಗೆ ಅದು ಬೇಕೇ ಬೇಕು.

ಇನ್ನೊಂದು ಖುಷಿಯ ಸಂಗತಿ: ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ಮಾಲೀಕನದ್ದು. ಈ ಬೈಕ್ ಮಾರಿದರೂ ಹೊಸ ಬೈಕಿಗೆ ತಗೊಂಡು ಹೋಗಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಹೋಯ್ತು. ಅಲ್ಲೇ ಕೂತು ದುಡ್ಡು ಕಟ್ಟಿ ಬಂದೆ.