ಹಗೇವು ಕಿರುಚಿತ್ರ: ದೀಪದ ಶಾಟ್ ಕೈಗೆ ಸಿಕ್ಕಿತು

ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಅದರ ಮೇಲಿನ ನಮ್ಮ ಕಿರುಚಿತ್ರದ ಸ್ಕ್ರಿಪ್ಟನ್ನು ಮತ್ತೆ ತಿದ್ದಿದ್ದೇವೆ. ಮೊನ್ನೆ ತಂಡದವರೆಲ್ಲ ಕೂತು ನೋಡಿದ ಕಡಿಮೆ ಬಜೆಟ್ಟಿನ ಫೌಂಡ್ ಫೂಟೇಜ್ (ಪಾತ್ರಗಳೇ ಚಿತ್ರಿಸಿದ ವಿಡಿಯೊ ಯಾರಿಗೋ ಸಿಕ್ಕಿತು ಎಂಬಂತೆ ತೋರಿಸುವ) ದೆವ್ವದ ಸಿನಿಮಾವೇ ಅದಕ್ಕೆ ಕಾರಣ. ತುಂಬಾ ಬೇಸರವಾಯಿತು. ದುಡ್ಡಿನ ಕೊರತೆ ಅದರ ದೋಷವಲ್ಲ. ನಿರ್ದೇಶಕ ಓರೆನ್ ಪೆಲಿ ಇದೇ ಬಗೆಯ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಸುಮಾರು 15,000 ಡಾಲರಿನಲ್ಲಿ ತಮ್ಮ ಮನೆಯಲ್ಲೇ ಚಿತ್ರಿಸಿದ್ದರು. ಅಲ್ಲಿ ರಾತ್ರಿಯೆಲ್ಲ ಕ್ಯಾಮೆರಾ ಟ್ರೈಪಾಡ್ ಮೇಲೆ ಕದಲದೆ ನಿಂತಿರುತ್ತದೆ, ಬಾಗಿಲು ಅಲುಗಿತೇ ಎಂದು ನಾವೇ ಕಣ್ಣು ಕೀಲಿಸಿ ಹುಡುಕುತ್ತೇವೆ. ನಾವು ನೋಡಿದ್ದರಲ್ಲಿ ಹೆದರಿಕೆ ಬೇಕಾದಾಗಲೆಲ್ಲ ಕ್ಯಾಮೆರಾ ಒದ್ದಾಡುತ್ತದೆ. ಮೆಟ್ಟಿಲು ಯಾವ ಕಡೆ, ಅಡುಗೆಮನೆ ಯಾವ ಕಡೆ ಅನ್ನೋದು ಕೊನೆವರೆಗೂ ತಿಳಿಯದು. ಪ್ರಾಣ ಹೋಗುವ ಹೊತ್ತಲ್ಲೂ ಆ ಹುಡುಗ ಯಾಕೆ ಶೂಟ್ ಮಾಡುತ್ತಾನೆ ಅನ್ನೋದಕ್ಕೆ ಉತ್ತರವೇ ಇಲ್ಲ. ಯಾರಿಗೋ ಸಿಕ್ಕಿದ ಫೂಟೇಜ್ ಅಂದ ಮೇಲೆ ಹಿನ್ನೆಲೆ ಸಂಗೀತ ಹಾಕಿದವರು ಯಾರು?

ನಮ್ಮ ಕಥೆಯಲ್ಲಿ ಕ್ಯಾಮೆರಾಕ್ಕೆ ಕೆಲಸವಿದೆ. ಚಿತ್ರದುರ್ಗದ ಪಕ್ಕದ ಹಳ್ಳಿಯ ಹಳೇ ಜಂತಿ ಮನೆ ಪಾಲಾಗಿ ಕೆಡವುವ ಹಂತಕ್ಕೆ ಬಂದಿದೆ. ದೂರದಲ್ಲಿರುವ ಅಕ್ಕಂದಿರಿಗೆ ಕಳಿಸಲು ಅವರ ತಮ್ಮನೊಬ್ಬ ಆ ಮನೆಯ ಮೂಲೆಮೂಲೆಯನ್ನೂ ಮೊಬೈಲಿನಲ್ಲಿ ಹಿಡಿಯುತ್ತಾನೆ. ಹಾಗಾಗಿ ಪಡಸಾಲೆ, ನಡುಮನೆ, ಅಟ್ಟ, ಚಪ್ಪಡಿ ಮುಚ್ಚಿದ ಹಗೇವಿನ ಬಾಯಿ, ಎಲ್ಲವೂ ಹಗಲಲ್ಲೇ ನೋಡುಗರ ಕಣ್ಣಿಗೆ ಬೀಳುತ್ತವೆ. ಮನೆಯ ಅಜ್ಜಿ ಹೇಳಿದ ಮಾತನ್ನು ಹಾಗೇ ಸಂಭಾಷಣೆಗೆ ಹಾಕಿದ್ದೇವೆ: “ಮೊದ್ಲು ದೀಪ ಬಿಡ್ತಿದ್ವಪ್ಪ. ಆರ್ತು ಅಂದ್ರೆ ಯಾರೂ ಇಳೀತಿರ್ಲಿಲ್ಲ.” ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ, ಇಳಿದವನು ಉಸಿರುಕಟ್ಟಿ ಸಾಯುತ್ತಾನೆ. ಇದಕ್ಕಿಂತ ದೊಡ್ಡ ದೆವ್ವವನ್ನು ನಾವು ಕಟ್ಟಬೇಕಾಗಿಲ್ಲ.

ದೀಪದ ಶಾಟ್ ಮುಗಿಯಿತು. ಹಳೇ ತಕ್ಕಡಿಯ ತಟ್ಟೆಯಲ್ಲಿ ಹಣತೆ ಇಟ್ಟು, ಎಣ್ಣೆ ಅಳೆದು ಹಾಕಿ, ಹಗ್ಗದಲ್ಲಿ ಇಳಿಬಿಟ್ಟೆವು. ಎಲ್ಲೂ ಕಟ್ ಇಲ್ಲ. ಜ್ವಾಲೆ ಕುಗ್ಗಿ, ಬುಡ ನೀಲಿಯಾಗಿ, ಬತ್ತಿಯ ತುದಿಯ ಕೆಂಪು ಚುಕ್ಕೆಯೊಂದೇ ಉಳಿಯುತ್ತದೆ. ಮೊಬೈಲ್ ಕತ್ತಲು ಕಂಡೊಡನೆ ತಾನೇ ಬೆಳಕು ಏರಿಸಿ ಚಿತ್ರವನ್ನೆಲ್ಲ ಕಾಳುಕಾಳಾಗಿಸುತ್ತದೆ, ಅದಕ್ಕೇ ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಮಟ್ಟ) ಲಾಕ್ ಮಾಡಿದ್ದೆವು. ಪಡಸಾಲೆಯ ಟ್ಯೂಬ್‌ಲೈಟ್ ಪಟ್ಟೆಪಟ್ಟೆಯಾಗದಿರಲು ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟೆವು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಇದೇ ಸರಿ.

ದುರ್ಗದ ಗಾಳಿ ಮಾತ್ರ ಬಗ್ಗುತ್ತಿಲ್ಲ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲವಲ್ಲ! ಮೈಕಿಗೆ ಚಳ್ಳಕೆರೆ ಕಂಬಳಿಯ ತುಂಡು ಸುತ್ತಿದ ಮೇಲೆ ಗೊರಗೊರ ಎಷ್ಟೋ ತಗ್ಗಿತು. ಹೆಂಚಿನ ಸಂದಿಯಲ್ಲಿ ಸುಯ್ಯೆನ್ನುವ ಸದ್ದನ್ನು ಬೇಕಂತಲೇ ಬಿಟ್ಟಿದ್ದೇನೆ, ಅದೇ ನಮ್ಮ ಹಿನ್ನೆಲೆ ಸಂಗೀತ.

ಇನ್ನು ಅಟ್ಟದ ದೃಶ್ಯ ಬಾಕಿ. ಹಗೇವಿನೊಳಗೆ ನಟರನ್ನು ಇಳಿಸುವುದಿಲ್ಲ, ಕೋಲಿಗೆ ಕಟ್ಟಿದ ಮೊಬೈಲ್ ಮಾತ್ರ ಇಳಿಯುತ್ತದೆ. ಅದು ಮುಗಿದರೆ ಎಡಿಟಿಂಗಿಗೆ ದಾವಣಗೆರೆಗೆ.