ನೀಲಿಯ ಅಡಿಯಲ್ಲಿ ಸಿಕ್ಕ ಇಪ್ಪತ್ತು

ಕಾಕಾನ ಜೀಪು ತೊಗರಿ ಚೀಲ ಹೊತ್ತು, ಚುನಾವಣೆ ಬಂದಾಗ ಧ್ವನಿವರ್ಧಕ ಹೊತ್ತು ಸವೆದ ಬಂಡಿ. ಬೀದರಿನ ಗ್ಯಾರೇಜಿನಲ್ಲಿ ಪೇಂಟರ್ ಅದರ ಹಳೆಯ ಬಣ್ಣವನ್ನೆಲ್ಲ ಕಿತ್ತು, ಫಳಫಳ ಹಸಿರು ಹೊಡೆದು, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಯುವವನಿದ್ದ. ಮದುವೆ ಮೆರವಣಿಗೆಗೆ ಬಾಡಿಗೆ ಸಿಗುತ್ತದೆ ಎಂಬುದು ಕಾಕಾನ ಲೆಕ್ಕ. ಒಂದು ದಿನ ತಡೆಯಿರಿ ಎಂದು ಗೋಗರೆದೆ.

ಮುಂದಿನ ಜಾಲರಿಯಲ್ಲಿ 9 ಸೀಳುಗಳಿದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಗರಿಕರಿಗೆಂದು ತಯಾರಾದ ಜೀಪುಗಳಿಗೆ 7 ಮಾತ್ರ. ಗಾಡಿಯ ತಳದ ಚೌಕಟ್ಟಾದ ಛಾಸಿಯ ಮುಂದಿನ ಅಡ್ಡಪಟ್ಟಿ ದುಂಡನೆಯ ಕೊಳವೆ. ಇದೇ ಮಾದರಿಯನ್ನು ಫೋರ್ಡ್ ತಯಾರಿಸಿದ್ದರಲ್ಲಿ ಅದು ಬೋರಲು ಹಾಕಿದ ದೋಣಿಯಂತಿರುತ್ತದೆ. ಅಂದರೆ ಇದು ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕೆಂದು ತಯಾರಿಸಿದ, 1942–45ರ ಜೀಪು. ಅಂಥ ಗಾಡಿಯ ಮೈಮೇಲೆ ಕೆಮಿಕಲ್ ಸುರಿಯುವುದೇ?

ಬಿದ್ರಿ ಕೆಲಸ ಮಾಡುವ ಗೆಳೆಯನನ್ನು ಕರೆದೆ. ದಿನವಿಡೀ ಲೋಹ ಉಜ್ಜುವ ಅವನ ಹೆಬ್ಬೆರಳಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತು. ನೀರು ಹಾಕಿ ಉಜ್ಜುವ 600 ನಂಬರಿನ ವಾಟರ್ ಪೇಪರ್, ಸೋಪಿನ ನೀರು. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಒಣದಾಗಿ ಉಜ್ಜಿದರೆ ಆ ಧೂಳು ನೇರ ಎದೆಗೆ. ಬಾನೆಟ್ಟಿನ ಪಕ್ಕದಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಶುರು ಮಾಡಿದೆವು. ಮೊದಲು ನೀಲಿ ನೀರು ಇಳಿಯಿತು, ಆಮೇಲೆ ಹಳದಿ, ಆಮೇಲೆ ರೆಡ್ ಆಕ್ಸೈಡಿನ ಕೆಂಪು. ಕೆಂಪು ತೆಳುವಾಗುತ್ತಲೇ ಅವನು ಕಾಗದ ಬಿಟ್ಟು, ಥಿನ್ನರ್ ಅದ್ದಿದ ಬಟ್ಟೆಯನ್ನು ಬರಿದೇ ಒತ್ತಿ ಎತ್ತತೊಡಗಿದ. ಹೊಳಪಿಲ್ಲದ, ಕಂದು ಬೆರೆತ ಮಂಕು ಹಸಿರು ಕಂಡಿತು. ಅದರ ಮೇಲೆ ಬೂದಿ ನೀಲಿಯ ಒಂದು ಬಾಗು. ಬಟ್ಟೆ ಸರಿದಂತೆ ಅದು 2 ಆಯಿತು, ಪಕ್ಕದಲ್ಲಿ 0.

ಅಮೆರಿಕದ ಸೈನ್ಯ ಜೀಪುಗಳ ನೋಂದಣಿ ಸಂಖ್ಯೆಯನ್ನು 20ರಿಂದ ಶುರುಮಾಡುತ್ತಿತ್ತು. ಹಸಿರಿನ ಮೇಲೆ ಥಟ್ಟನೆ ಕಾಣದ ಈ ನೀಲಿಯಲ್ಲೇ ಬರೆಯುತ್ತಿದ್ದರು. ಬಿಳಿ ಅಂಕಿ ಬಂದದ್ದು ಯುದ್ಧದ ಕೊನೆಯ ಹೊತ್ತಿಗೆ. ಮುಂದಿನ ಅಂಕಿಗಳನ್ನು ಯಾರೋ ಎಂದೋ ಗ್ರೈಂಡರ್ ಹಿಡಿದು ಅಳಿಸಿಬಿಟ್ಟಿದ್ದರು.

"ಇಷ್ಟು ಮಂಕಾದದ್ದನ್ನು ಯಾರು ನೋಡುತ್ತಾರೋ?" ಎಂದರು ಕಾಕಾ.

"ನಕ್ಷತ್ರ ಬರೆಸಿದರೆ ನಾಟಕದ ವೇಷ ಕಾಕಾ, ಇದು ಅದರ ಸ್ವಂತ ಚರ್ಮ" ಎಂದೆ.

ಗೆಳೆಯನೂ ದನಿಗೂಡಿಸಿದ. ಬಾನೆಟ್ ಹಾಗೆಯೇ ಇರಲಿ, ಉಳಿದದ್ದಕ್ಕೆ ಹೊಳಪಿಲ್ಲದ ಹಸಿರು ಎಂದು ತೀರ್ಮಾನವಾಯಿತು. ಕತ್ತರಿಸಿಟ್ಟಿದ್ದ ನಕ್ಷತ್ರದ ಅಚ್ಚಿಗೂ ಪೇಂಟರ್ ಕೂಲಿ ಕೇಳಿದ. ಕಾಕಾ ನನ್ನತ್ತ ಕೈ ತೋರಿಸಿದರು.