ಅಟ್ಟಕ್ಕೆ ಟಿವಿ ಆಂಟೆನಾ: ಡಬ್ಬದ ಮೇಲಿನ ಮೈಲಿ ಬಿಡಿ, ಚಾವಣಿ ನೋಡಿ

ಅಮೆರಿಕದಲ್ಲಿ ಮನೆ ಕೊಂಡು, ಕೇಬಲ್ ಬಿಲ್ ಸಾಕಪ್ಪಾ ಎಂದು ಆಂಟೆನಾ ಹುಡುಕಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲಿನ ಮೈಲಿ ಲೆಕ್ಕಕ್ಕೆ. 150, 200 ಎಂದೆಲ್ಲ ದಪ್ಪಕ್ಷರದಲ್ಲಿರುತ್ತದೆ. ದಯವಿಟ್ಟು ನಂಬಬೇಡಿ. ಭೂಮಿಯೇ ದುಂಡಗಿರುವಾಗ 60–70 ಮೈಲಿ ದಾಟಿದ ಮೇಲೆ ಸಿಗ್ನಲ್ ದಿನಾ ಸಿಗುತ್ತದೆ ಎನ್ನುವಂತಿಲ್ಲ. ಅಟ್ಟದೊಳಗೆ ಇಟ್ಟರೆ ಇನ್ನೂ ಕಡಿಮೆ.

ದುಡ್ಡು ಕೊಡುವ ಮುಂಚೆ ಅಟ್ಟ ಹತ್ತಿ, ಟಾರ್ಚ್ ಹಿಡಿದು ಚಾವಣಿಯ ಒಳಮೈ ನೋಡಿ. ಬರೀ ಪ್ಲೈವುಡ್ ಕಂಡು, ಮೇಲೆ ಮಾಮೂಲಿ ಆಸ್ಫಾಲ್ಟ್ ಶಿಂಗಲ್ ಇದ್ದರೆ ಕೆಲಸ ಆಗುತ್ತದೆ. ಆದರೂ 5ರಿಂದ 10 ಡೆಸಿಬೆಲ್ ಅಲ್ಲೇ ಹೋಗಬಹುದು. 3 ಡೆಸಿಬೆಲ್ ಹೋದರೆ ಸಿಗ್ನಲ್ ಅರ್ಧ, 10 ಹೋದರೆ ಹತ್ತರಲ್ಲೊಂದು ಪಾಲು. ಪ್ಲೈವುಡ್‌ಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದರೆ ಅದು ಬಿಸಿಲಿನ ಶಾಖ ತಡೆಯುವ ಲೋಹದ ಹಾಳೆ, ರೇಡಿಯಂಟ್ ಬ್ಯಾರಿಯರ್. ಟೆಕ್ಸಾಸ್‌ನಂಥ ಬಿಸಿಲೂರಿನ ಹೊಸ ಮನೆಗಳಲ್ಲಿ ಇದು ಬಹಳ. ಆ ಹಾಳೆಯಾಗಲಿ, ಲೋಹದ ಚಾವಣಿಯಾಗಲಿ ಇದ್ದರೆ ಅಟ್ಟದ ಆಸೆ ಬಿಟ್ಟುಬಿಡಿ, ಎಷ್ಟು ದೊಡ್ಡ ಆಂಟೆನಾ ತಂದರೂ ಅದನ್ನು ದಾಟಿ ಸಿಗ್ನಲ್ ಬರುವುದು ಕಷ್ಟ. ಸ್ಟಕೋ (ಸಿಮೆಂಟ್ ಗಾರೆ) ಗೋಡೆಯೊಳಗೂ ತಂತಿ ಬಲೆ ಇರುತ್ತದೆ, ಟವರ್ ಆ ಗೋಡೆಯ ಕಡೆ ಇದ್ದರೆ ಅದೂ ಅಡ್ಡಿ.

ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಬೇಡ ಅಂದಿತು ಎಂಬ ಒಂದೇ ಕಾರಣಕ್ಕೆ ಅಟ್ಟಕ್ಕೆ ಹೋಗುವವರೂ ಇದ್ದಾರೆ. ಸ್ಥಳೀಯ ಟಿವಿ ಆಂಟೆನಾವನ್ನು ನಿಮ್ಮ ಸ್ವಂತ ಚಾವಣಿ ಮೇಲೆ ಇಡುವುದನ್ನು ಎಚ್‌ಒಎ ತಡೆಯದಂತೆ ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ 1996ರಲ್ಲೇ ನಿಯಮ ಮಾಡಿದೆ. ಅದರ ಹೆಸರು ಒಟಾರ್ಡ್. ಅಟ್ಟವನ್ನು ನಿಮ್ಮ ಅನುಕೂಲಕ್ಕೆ ಆರಿಸಿ, ಹೆದರಿಕೆಗಲ್ಲ.

ಇನ್ನು ಚಾನೆಲ್. ಪರದೆ ಮೇಲೆ ಕಾಣುವ ನಂಬರೇ ಬೇರೆ, ಗಾಳಿಯಲ್ಲಿ ಬರುವ ನಂಬರೇ ಬೇರೆ. ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್ ಕೇಂದ್ರ ಪರದೆ ಮೇಲೆ 2, ನಿಜದಲ್ಲಿ 36. ಡಬ್ಲ್ಯೂಎಬಿಸಿ ಮಾತ್ರ ಎರಡೂ ಕಡೆ 7. ಇದು ಯಾಕೆ ಮುಖ್ಯ ಅಂದರೆ 14ರಿಂದ 36 ಯುಎಚ್‌ಎಫ್, 7ರಿಂದ 13 ಹೈ ವಿಎಚ್‌ಎಫ್, 2ರಿಂದ 6 ಲೋ ವಿಎಚ್‌ಎಫ್, ಈ ಮೂರೂ ಫ್ರೀಕ್ವೆನ್ಸಿ ಪಟ್ಟಿಗಳಿಗೆ ಬೇಕಾದ ಆಂಟೆನಾ ಕಡ್ಡಿಗಳ ಉದ್ದ ಬೇರೆ ಬೇರೆ. ರ‍್ಯಾಬಿಟ್‌ಇಯರ್ಸ್ ತಾಣದಲ್ಲಿ ವಿಳಾಸ ಹಾಕಿದರೆ ನಿಜವಾದ ನಂಬರು, ದಿಕ್ಕು, ಸಿಗ್ನಲ್ ಬಲ ಎಲ್ಲ ಸಿಗುತ್ತದೆ. ಅಲ್ಲಿ 'ಗುಡ್' ಎಂದಿರುವುದು ಅಟ್ಟದಲ್ಲೂ ಬರಬಹುದು, 'ಫೇರ್' ಅನುಮಾನ, 'ಪೂರ್' ಆದರೆ ಚಾವಣಿ ಮೇಲೇ ಹಾಕಬೇಕು.

ನಮ್ಮವರು ಬಹಳ ಇರುವ ನ್ಯೂಜೆರ್ಸಿಯ ಎಡಿಸನ್ ತೆಗೆದುಕೊಳ್ಳಿ. ಮ್ಯಾನ್‌ಹಟನ್ ಈಶಾನ್ಯಕ್ಕೆ ಸುಮಾರು 27 ಮೈಲಿ. ಫಿಲಡೆಲ್ಫಿಯಾದ ಟವರುಗಳು ನೈಋತ್ಯಕ್ಕೆ ಸುಮಾರು 55 ಮೈಲಿ, ಹೆಚ್ಚುಕಡಿಮೆ ಬೆನ್ನ ಹಿಂದೆ. ನ್ಯೂಯಾರ್ಕ್ ಸಾಕೆಂದರೆ ಹಿಂದೆ ಜಾಲರಿ ಇರುವ ನಾಲ್ಕು ಸಾಲಿನ ಬೋ-ಟೈ (ಚಿಟ್ಟೆ ರೆಕ್ಕೆಯಂಥ ಕಡ್ಡಿಗಳ) ಆಂಟೆನಾ ಕೊಳ್ಳಿ. ಸುಮಾರು ಮೂರಡಿ ಎತ್ತರ, ಎರಡಡಿ ಅಗಲ. ಯುಎಚ್‌ಎಫ್‌ಗೆ ಅಟ್ಟದಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ 7 ಮತ್ತು 11ರಲ್ಲಿ ಬರುವ ಡಬ್ಲ್ಯೂಎಬಿಸಿ, ಡಬ್ಲ್ಯೂಪಿಐಎಕ್ಸ್ ಇದಕ್ಕೆ ಸರಿಯಾಗಿ ಸಿಕ್ಕುವುದಿಲ್ಲ. ಸುಮಾರು 30 ಇಂಚಿನ ಡೈಪೋಲ್ (ನೇರ ಕಡ್ಡಿಯ ಸರಳ ಆಂಟೆನಾ) ಬೇರೆ ಹಾಕಿ, ಎರಡನ್ನೂ ಯುಎಚ್‌ಎಫ್-ವಿಎಚ್‌ಎಫ್ ಕಂಬೈನರ್‌ನಲ್ಲಿ ಸೇರಿಸಿ. ಅದರ ಬದಲು ಸ್ಪ್ಲಿಟರನ್ನು (ಒಂದು ಕೇಬಲನ್ನು ಹಲವು ಟಿವಿಗೆ ಹಂಚುವ ಸಾಧನ) ತಿರುಗಿಸಿ ಜೋಡಿಸಿದರೆ ನಷ್ಟವೇ. ಫಿಲಡೆಲ್ಫಿಯಾದ ಡಬ್ಲ್ಯೂಪಿವಿಐ ನಿಜದಲ್ಲೂ 6ನೇ ಚಾನೆಲ್, ಅದಕ್ಕೆ ಐದೂವರೆ ಅಡಿ ಕಡ್ಡಿ ಬೇಕು. ಎಲ್‌ಇಡಿ ಬಲ್ಬು, ಫರ್ನೇಸ್ ಮೋಟಾರು ಎಬ್ಬಿಸುವ ಗದ್ದಲವೂ ಲೋ ವಿಎಚ್‌ಎಫ್‌ಗೇ ಹೆಚ್ಚು ತಾಗುತ್ತದೆ. ಎಡಿಸನ್ನಿನ ಅಟ್ಟದಿಂದ ಅದನ್ನು ಹಿಡಿಯಲು ಹೋಗದಿರುವುದೇ ವಾಸಿ.

ಅಟ್ಟದ ಬಾಗಿಲಿನ ಅಳತೆ ತೆಗೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು 22ಕ್ಕೆ 30 ಇಂಚು ಅಷ್ಟೇ. ದೊಡ್ಡ ಆಂಟೆನಾವನ್ನು ಬಿಡಿಬಿಡಿಯಾಗಿ ಒಯ್ದು ಮೇಲೆಯೇ ಜೋಡಿಸಬೇಕು. ಓಡಾಡುವಾಗ ಮರದ ತೊಲೆ ಮೇಲೇ ಕಾಲಿಡಿ. ಇನ್ಸುಲೇಷನ್ ಅಡಿಯಲ್ಲಿರುವುದು ಬರೀ ಡ್ರೈವಾಲ್ (ತೆಳು ಜಿಪ್ಸಮ್ ಹಲಗೆ), ಕಾಲಿಟ್ಟರೆ ನೇರ ಕೆಳಗಿನ ಕೋಣೆಗೆ. ಪ್ಲೈವುಡ್ ತುಂಡೊಂದನ್ನು ತೊಲೆಗಳ ಮೇಲೆ ಹಾಸಿಕೊಳ್ಳಿ, ಮಾಸ್ಕ್, ಕೈಗವಸು ಇರಲಿ, ಬೇಸಿಗೆಯಲ್ಲಾದರೆ ಬೆಳಗಿನ ಜಾವವೇ ಹತ್ತಿ.

ಆಂಟೆನಾವನ್ನು ತಕ್ಷಣ ಮೊಳೆ ಹೊಡೆದು ಕೂರಿಸಬೇಡಿ. ಫಾಯಿಲ್ ಸುತ್ತಿದ ಎಸಿ ಡಕ್ಟ್, ವಿದ್ಯುತ್ ತಂತಿ, ಟ್ರಸ್ (ಚಾವಣಿ ಹೊರುವ ಮರದ ಚೌಕಟ್ಟು) ಸೇರುವಲ್ಲಿನ ಲೋಹದ ಪಟ್ಟಿ, ಇವುಗಳಿಂದ ಮೂರಡಿ ದೂರವಿರಲಿ. ಮೊದಲು ಹಗ್ಗದಲ್ಲಿ ತೂಗುಹಾಕಿ, ಒಬ್ಬರು ಕೆಳಗೆ ಟಿವಿಯ ಸಿಗ್ನಲ್ ಮೀಟರ್ ನೋಡುತ್ತಿರಲಿ. 550 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 21 ಇಂಚು. ಹಾಗಾಗಿ ಅರ್ಧ ಅಡಿ, ಒಂದಡಿ ಸರಿಸಿದರೂ ಸತ್ತ ಚಾನೆಲ್ ಎದ್ದುಬರುತ್ತದೆ, ಚೆನ್ನಾಗಿದ್ದದ್ದು ಹೋಗಿಯೂಬಿಡುತ್ತದೆ. ಗೋಡೆ, ಡಕ್ಟುಗಳಿಗೆ ಬಡಿದು ಬಂದ ಅಲೆಗಳು ಒಂದರ ಮೇಲೊಂದು ಬೀಳುವುದರಿಂದ ಹೀಗಾಗುತ್ತದೆ. ಒಂದು ಗಂಟೆ ತಾಳ್ಮೆಯಿಂದ ಜಾಗ ಬದಲಿಸಿ ನೋಡುವುದು ಇನ್ನೂ ನೂರು ಡಾಲರ್ ಸುರಿಯುವುದಕ್ಕಿಂತ ಮೇಲು.

ಕೇಬಲ್ ಆರ್‌ಜಿ-6 (ಟಿವಿಗೆ ಬಳಸುವ ಕೋ-ಆಕ್ಸ್) ಇರಲಿ, ಕನೆಕ್ಟರ್ ಕಂಪ್ರೆಷನ್ (ಒತ್ತಿ ಕೂರಿಸುವ) ಬಗೆಯದು. 100 ಅಡಿ ಕೇಬಲ್ ಯುಎಚ್‌ಎಫ್‌ನಲ್ಲಿ ಸುಮಾರು 5 ಡೆಸಿಬೆಲ್ ತಿನ್ನುತ್ತದೆ, ಎರಡು ದಾರಿಯ ಸ್ಪ್ಲಿಟರ್ 3.5, ನಾಲ್ಕು ದಾರಿಯದು 7. ಈ ನಷ್ಟ ತುಂಬಿಕೊಡುವುದಷ್ಟೇ ಪ್ರೀಆಂಪ್ಲಿಫೈಯರ್ ಕೆಲಸ. ಆಂಟೆನಾಗೇ ಸಿಕ್ಕದ ಸಿಗ್ನಲನ್ನು ಅದು ಹುಟ್ಟಿಸಲಾರದು. ಹಾಕುವುದಾದರೆ ಆಂಟೆನಾ ಪಕ್ಕದಲ್ಲೇ ಹಾಕಿ, ಟಿವಿ ಹತ್ತಿರವಲ್ಲ. ಟವರ್ 10–15 ಮೈಲಿಯೊಳಗಿದ್ದರೆ ಹಾಕಲೇಬೇಡಿ, ಅತಿ ಬಲವಾದ ಸಿಗ್ನಲ್ ಆಂಪ್ಲಿಫೈಯರನ್ನೇ ಉಸಿರುಕಟ್ಟಿಸಿ ಎಲ್ಲ ಚಾನೆಲ್ ಒಟ್ಟಿಗೆ ಹೋಗಬಹುದು. ಸಮೀಪದಲ್ಲಿ ಮೊಬೈಲ್ ಟವರ್ ಇದ್ದರೆ ಮೊಬೈಲ್ ಸಿಗ್ನಲ್ ತಡೆಯುವ ಎಲ್‌ಟಿಇ ಫಿಲ್ಟರ್ ಆಂಪ್ಲಿಫೈಯರ್‌ಗೆ ಮುಂಚೆ ಬರಬೇಕು.

'4ಕೆ ಆಂಟೆನಾ', 'ಎಚ್‌ಡಿ ಆಂಟೆನಾ' ಎನ್ನುವುದಕ್ಕೆ ಹೆಚ್ಚು ಕೊಡಬೇಕಿಲ್ಲ. ಎಟಿಎಸ್‌ಸಿ 3.0 ಎಂಬ ಹೊಸ ಬಗೆಯ ಟಿವಿ ಪ್ರಸಾರವೂ ಇದೇ ಫ್ರೀಕ್ವೆನ್ಸಿಗಳಲ್ಲಿ ಬರುವುದರಿಂದ ಬೇಕಾಗುವುದು ಬೇರೆ ಟ್ಯೂನರ್, ಬೇರೆ ಆಂಟೆನಾ ಅಲ್ಲ.

ಎಲ್ಲ ಮುಗಿದು ಚಾನೆಲ್ ಸ್ಕ್ಯಾನ್ ಮಾಡಿದ ಮೇಲೂ ಒಂದು ಮಳೆಯ ತನಕ ಆಂಟೆನಾವನ್ನು ಹಗ್ಗದಲ್ಲೇ ಬಿಟ್ಟಿರಿ. ಒದ್ದೆ ಶಿಂಗಲ್ ಇನ್ನಷ್ಟು ಸಿಗ್ನಲ್ ಹೀರುತ್ತದೆ. ಚಿತ್ರ ಆಗಲೂ ಚೌಕ ಚೌಕವಾಗಿ ಒಡೆಯದಿದ್ದರೆ ಮಾರನೇ ದಿನ ಹತ್ತಿ ಸ್ಕ್ರೂ ಹಾಕಿ.